ಮುತ್ಲಕನ ಇಬ್ಬರು ಗಂಡುಮಕ್ಕಳು

ಭಾನುವಾರ ಬಂತೆಂದರೆ ಫಲಾಹನ ದಿವಾನಿಯಾದಲ್ಲಿ ಇಸ್ಪೀಟು ಎಲೆ ಮುಟ್ಟುವವರಿರಲಿಲ್ಲ. ಉಳಿದ ಆರು ದಿನ ಮನೆಯ ಮುಂಭಾಗದ ಆ ಉದ್ದನೆಯ ಕೋಣೆಯಲ್ಲಿ ಗೋಡೆಗಂಟಿದ ಮೆತ್ತೆಗಳಿಗೆ ಒರಗಿ, ಎಣ್ಣೆಯ ಬೆಲೆಯಿಂದ ಹಿಡಿದು ಸೊಸೆಯಂದಿರ ಅಡುಗೆಯವರೆಗೆ ಎಲ್ಲವನ್ನೂ ಜಾಲಾಡುತ್ತಿದ್ದ ಗಂಡಸರು, ಅಂದು ಸಂಜೆ ಮಾತ್ರ ತಂತಮ್ಮ ಫೋನಿಗೆ ಮೂಗು ತಾಗಿಸಿಕೊಂಡು ಕೂತಿರುತ್ತಿದ್ದರು. ಭಾನುವಾರ ಸರ್ಕಾರದ ಗೆಜೆಟ್ ಬರುವ ದಿನ. ಅದರ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇರುತ್ತಿತ್ತು: ಇಂತಿಂಥವರು ಇನ್ನು ಮೇಲೆ ಈ ದೇಶದವರಲ್ಲ, ಇವರ ಮೂಲಕ ಪೌರತ್ವ ಪಡೆದವರೂ ಅಲ್ಲ. ಎರಡೇ ಸಾಲು. ಮದುವೆಯ ಕರೆಯೋಲೆಯೂ ಇದಕ್ಕಿಂತ ಉದ್ದ ಇರುತ್ತದೆ.

ಖುಲೈಫ್ ಕನ್ನಡಕ ಏರಿಸಿಕೊಂಡು ಬೆರಳಿನಿಂದ ಹೆಸರುಗಳನ್ನು ಮೇಲೆ ತಳ್ಳುತ್ತಾ ಓದುತ್ತಿದ್ದ. ಅವನಿಗೆ ಅರವತ್ತೈದು. ಮೂವತ್ತೊಂದು ವರ್ಷ ಎಣ್ಣೆಬಾವಿಗಳ ನಡುವೆ ವಾಲ್ವ್ ತಿರುಗಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ದಿನಾ ಸಂಜೆ ಎರಡು ಬೀದಿ ದಾಟಿ ತಮ್ಮ ಫಲಾಹನ ಮನೆಗೆ ಬರುವುದೇ ಅವನ ಬದುಕು. ತಮ್ಮನಿಗೆ ಏಳು ಮಕ್ಕಳು, ಹತ್ತೊಂಬತ್ತು ಮೊಮ್ಮಕ್ಕಳು. ತನ್ನ ಪಾಲಿನ ಮಕ್ಕಳನ್ನು ದೇವರು ವಿಳಾಸ ತಪ್ಪಿ ಆ ಮನೆಗೆ ಕೊಟ್ಟ ಎಂದು ಖುಲೈಫ್ ಹೇಳಿಕೊಂಡು ನಗುತ್ತಿದ್ದ.

"ಈ ವಾರ ಎಷ್ಟು?" ಎಂದ ಜಾಸಿರ್.

"ನಾನೂರ ಹನ್ನೆರಡು."

"ಕಡಿಮೆ ಆಯ್ತಲ್ಲ. ಹೋದ ವಾರ ಊಟ ಜೋರಾಗಿತ್ತು, ಹೊಟ್ಟೆ ತುಂಬಿರ್ಬೇಕು."

ಜಾಸಿರ್ ಎರಡು ಸಲ ಶಾಸನಸಭೆಗೆ ಆಯ್ಕೆಯಾಗಿದ್ದವನು. ಆಗ ಅವನು ಒಂದು ಫೋನ್ ಮಾಡಿದರೆ ಯಾರದೋ ಮಗನಿಗೆ ನೌಕರಿ, ಯಾರದೋ ಅತ್ತೆಗೆ ಹೊರದೇಶದಲ್ಲಿ ಆಪರೇಷನ್. ಸಭೆಗೆ ಬೀಗ ಬಿದ್ದ ಮೇಲೆ ಹಲ್ಲು ಕಿತ್ತ ಹಾವಾಗಿದ್ದ. ಈಗ ಅವನ ಫೋನ್ ಎತ್ತುವವಳು ಅವನ ಮಗಳೊಬ್ಬಳೇ, ಅವಳೂ ಮೂರನೇ ಸಲಕ್ಕೆ.

"ನಮ್ಮ ದೇಶ ಅಂದ್ರೆ ಏನಯ್ಯಾ?" ಅವನೇ ಮುಂದುವರಿಸಿದ. "ನದಿ ಇಲ್ಲ, ಬೆಟ್ಟ ಇಲ್ಲ, ಕುಡಿಯೋ ನೀರನ್ನೂ ಸಮುದ್ರ ಕುದಿಸಿ ಮಾಡ್ಕೋಬೇಕು. ಇರೋದು ನೆಲದಲ್ಲಿ ಒಂದು ತೂತು. ತೂತಿನ ಸುತ್ತ ಬೇಲಿ. ಬೇಲಿ ಬಾಗ್ಲಲ್ಲಿ ಪಟ್ಟಿ ಹಿಡ್ಕೊಂಡು ಒಬ್ಬ ಗುಮಾಸ್ತ. ಎಣ್ಣೆ ಬೆಲೆ ಇಳೀತು ಅಂದ್ರೆ ಪಾತ್ರೆ ದೊಡ್ಡದು ಮಾಡೋಕಾಗುತ್ತಾ? ಬಾಯಿ ಕಡಿಮೆ ಮಾಡ್ತಾರೆ."

"ಮೆಲ್ಲಗೆ ಮಾತಾಡೋ ಮಾರಾಯ," ಎಂದ ಫಲಾಹ್. "ಗೋಡೆಗೂ ಕಿವಿ ಇರುತ್ತೆ."

"ಇರ್ಲಿ ಬಿಡು. ಆ ಗೋಡೆಗೆ ಪೌರತ್ವ ಇದ್ಯಾ ಅಂತ ಮೊದ್ಲು ಕೇಳು."

ಎಲ್ಲರೂ ನಕ್ಕರು, ಖುಲೈಫನೂ ನಕ್ಕ. ಫಲಾಹ್ ಮಾತ್ರ ನಗಲಿಲ್ಲ. ಎಂಥ ಬಿಸಿಲಲ್ಲೂ ತಾನೇ ಮೊದಲು ನಗುವ ಮನುಷ್ಯ ಅಂದು ಕಾಫಿಯ ಹೂಜಿಯ ಕಡೆ ನೋಡುತ್ತಾ ಕೂತಿದ್ದ.

ಎಲ್ಲರೂ ಎದ್ದು ಹೋದ ಮೇಲೆ ಫಲಾಹ್ ಮೆತ್ತೆಯ ಅಡಿಯಿಂದ ಒಂದು ಕಾಗದ ತೆಗೆದ. ಪೌರತ್ವದ ಕಚೇರಿಯಿಂದ ಬಂದದ್ದು. ಕಡತಗಳನ್ನು ಕಂಪ್ಯೂಟರಿಗೆ ಏರಿಸುವಾಗ ಒಂದು ವಿಷಯ ಕಣ್ಣಿಗೆ ಬಿದ್ದಿದೆ, ಮುತ್ಲಕನ ಮಕ್ಕಳಾದ ಖುಲೈಫ್ ಮತ್ತು ಫಲಾಹ್ ಒಂದೇ ತಾಯಿಯ ಹೊಟ್ಟೆಯಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿದಂತೆ ದಾಖಲಾಗಿದೆ, ಬಂದು ವಿವರಣೆ ಕೊಡತಕ್ಕದ್ದು.

"ನಿಂಗೂ ಒಂದು ಬರುತ್ತೆ, ನಾಳೆಯೋ ನಾಡಿದ್ದೋ," ಎಂದ ಫಲಾಹ್.

ಮುತ್ಲಕನ ಡೇರೆಯಲ್ಲಿ ನಡೆದದ್ದು ಅವರ ಕುಲದಲ್ಲಿ ಎಲ್ಲರಿಗೂ ಅರ್ಧ ಗೊತ್ತಿತ್ತು, ಉಳಿದರ್ಧ ಯಾರಿಗೂ ಬೇಕಿರಲಿಲ್ಲ. ಆ ಚಳಿಗಾಲ ಮುತ್ಲಕ ಹಿಂಡು ಹೊಡೆದುಕೊಂಡು ಕುಲದಿಂದ ದೂರ ಹೋಗಿದ್ದ. ಹೆಂಡತಿ ನುವೈರಳ ಮಡಿಲಲ್ಲಿ ಒಂದು ಕೂಸಿತ್ತು. ಒಂದು ದಿನ ಉತ್ತರದ ಕಡೆಯ ಒಬ್ಬ ಮನುಷ್ಯ ಬಂದು, ಹೆಂಡತಿ ಸತ್ತಳು, ಈ ಮಗುವನ್ನು ನೋಡಿಕೊಳ್ಳಿ, ಒಂಟೆ ಮಾರಿ ಬರುತ್ತೇನೆ ಎಂದು ಇನ್ನೊಂದು ಕೂಸನ್ನು ಡೇರೆಯ ಬಾಗಿಲಲ್ಲಿಟ್ಟು ಹೋದ. ಹೋದವನು ಹೋದ. ಹಾಗೆ ಬಂದದ್ದು ನಾಲ್ಕು ತಿಂಗಳ ಕೂಸೋ ಹಸಿಗೂಸೋ ಎಂದು ನೋಡಿದವರು ಅಲ್ಲಿ ಯಾರೂ ಇರಲಿಲ್ಲ. ಬೇಸಿಗೆಗೆ ಕುಲದವರೆಲ್ಲ ಬಾವಿಗಳ ಹತ್ತಿರ ಕೂಡಿದಾಗ ನುವೈರಳ ಎರಡೂ ತೊಡೆಯ ಮೇಲೆ ಗಂಡುಮಕ್ಕಳಿದ್ದರು. ಯಾವುದು ನಿನ್ನದು ಎಂದು ಕೇಳಿದ ಹೆಂಗಸಿಗೆ ಅವಳು, "ಬಲಗಡೆ ಮೊಲೆ ಒಬ್ಬಂದು, ಎಡಗಡೆದು ಇನ್ನೊಬ್ಬಂದು. ಲೆಕ್ಕ ಸರಿಯಾಯ್ತಲ್ಲ," ಎಂದಳಂತೆ. ಅಲ್ಲಿಗೆ ಕೇಳುವವರ ಬಾಯಿ ಮುಚ್ಚಿತು. ಹಾಲು ಕುಡಿದವನು ಮಗ. ಆ ಕಡೆ ಅದರ ಮೇಲೆ ಮಾತಿಲ್ಲ.

ಆಮೇಲೆ ನೆಲದಿಂದ ಎಣ್ಣೆ ಬಂತು, ಡೇರೆಗಳು ಹೋದವು, ಮುತ್ಲಕನಿಗೆ ಎಣ್ಣೆಯ ಕೊಳವೆ ಕಾಯುವ ಕೆಲಸ ಸಿಕ್ಕಿತು. ಮಕ್ಕಳಿಗೆ ಆರು ವರ್ಷವಾದಾಗ ಪೌರತ್ವದ ಸಮಿತಿ ಒಂದು ಶಾಲೆಯ ಕೋಣೆಯಲ್ಲಿ ಕೂತು ಹೆಸರು ಬರೆದುಕೊಳ್ಳತೊಡಗಿತು. ಕಾಗದಪತ್ರ ಯಾರ ಹತ್ತಿರ ಇತ್ತು? ಮನುಷ್ಯ ಬಂದು ಆಣೆ ಇಡಬೇಕು, ಜೊತೆಗೆ ಬಂದವನು ಹೌದು ಎನ್ನಬೇಕು, ಅಷ್ಟೇ. ನಾಲ್ಕು ತಿಂಗಳ ಅಂತರ ಕೇಳಿ ಗುಮಾಸ್ತ ಪೆನ್ನು ಕೆಳಗಿಟ್ಟ. "ಅವಳಿ ಅಂತ ಬರ್ಕೊಳ್ಲಾ?" ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

"ಸುಳ್ಳು ಬರೀಬೇಡಪ್ಪ," ಎಂದ ಮುತ್ಲಕ. "ಒಬ್ಬ ಮೊದಲ ಮಳೆಗೆ ಹುಟ್ದ, ಇನ್ನೊಬ್ಬ ಮರಳಲ್ಲಿ ಅಣಬೆ ಏಳೋ ಹೊತ್ತಿಗೆ. ಇಬ್ರೂ ನನ್ನ ಮಕ್ಕಳು. ದೇವ್ರಾಣೆ."

ಆ ಪುಣ್ಯಾತ್ಮ ಅಂದು ಅವಳಿ ಎಂಬ ಒಂದು ಪುಟ್ಟ ಸುಳ್ಳಿಗೆ ತಲೆಯಾಡಿಸಿದ್ದರೆ ಯಾವ ಕಂಪ್ಯೂಟರಿಗೂ ಏನೂ ವಾಸನೆ ಬರುತ್ತಿರಲಿಲ್ಲ. ಸತ್ಯ ಹೇಳುವ ಚಟ ಇದ್ದವರು ಮಕ್ಕಳ ಬಗ್ಗೆ ಸ್ವಲ್ಪ ಯೋಚಿಸಬೇಕು.

"ವಕೀಲರನ್ನ ಕೇಳಿದ್ದೀನಿ," ಎಂದ ಫಲಾಹ್. "ಅಪ್ಪ ಅಮ್ಮ ಮಣ್ಣಲ್ಲಿದ್ದಾರೆ. ನಮ್ಮಿಬ್ಬರ ಎಂಜಲು ತಗೊಂಡು ಪರೀಕ್ಷೆ ಮಾಡಿದ್ರೆ ಇಬ್ರೂ ಒಂದು ರಕ್ತ ಅಲ್ಲ ಅಂತಷ್ಟೇ ಗೊತ್ತಾಗುತ್ತೆ. ಯಾರು ಒಳಗಿನವನು, ಯಾರು ಹೊರಗಿನವನು ಅಂತ ಗೊತ್ತಾಗಲ್ಲ. ಅದು ಗೊತ್ತಾಗ್ದೆ ಯಾರದ್ದೂ ಕೀಳಂಗಿಲ್ಲ. ಹುಸ್ಸಾ ತಾನಾಗಿ ಹೋಗಿ ಬಾಯಿ ತೆರೆದರೆ ಮಾತ್ರ ಕಷ್ಟ. ಅವಳನ್ನ ಬಲವಂತ ಮಾಡೋ ಹಾಗಿಲ್ಲ. ಕೇಸು ಹತ್ತು ವರ್ಷ ಎಳೆಯುತ್ತೆ. ಅಷ್ಟು ಹೊತ್ತಿಗೆ ನಾವಿಬ್ರೂ ಮೇಲೆ ಹೋಗಿರ್ತೀವಿ."

ಹುಸ್ಸಾ ಅವರ ತಂಗಿ. ಊರಿಗೆ ಆಸ್ಪತ್ರೆ ಬಂದ ಮೇಲೆ, ವಿದ್ಯುತ್ ದೀಪದ ಕೆಳಗೆ, ಮೂರು ಜನ ನರ್ಸುಗಳ ಎದುರಿಗೆ ನುವೈರಳ ಹೊಟ್ಟೆಯಿಂದ ಬಂದವಳು. ಅವಳು ಯಾರ ಮಗಳು ಎಂಬ ಬಗ್ಗೆ ಗಾಳಿಗೂ ಅನುಮಾನವಿರಲಿಲ್ಲ.

"ಹತ್ತು ವರ್ಷ ಅವ್ರು ಕಾಯ್ತಾರಾ?" ಎಂದ ಖುಲೈಫ್. "ಈ ವಾರದ ಪಟ್ಟಿ ನೋಡಿದ್ಯಾ? ಯಾರನ್ನ ಕೇಳಿ ಕಿತ್ತುಹಾಕಿದ್ರು?"

"ನೀನು ಸುಮ್ನಿರು."

"ನಿನ್ನ ಮಕ್ಕಳನ್ನ ನೋಡು. ಮಿಶಾರಿಗೆ ನೌಕರಿ ಇದೆ, ಲತೀಫಾ ಶಾಲೇಲಿ ಪಾಠ ಮಾಡ್ತಿದ್ದಾಳೆ, ಚಿಕ್ಕೋಳ ಮದುವೆ..."

"ಸುಮ್ನಿರು ಅಂದೆ ಕಣೋ, ಖುಲೈಫ್. ಏನೂ ಮಾಡ್ಬೇಡ. ಎಲ್ಲೂ ಹೋಗ್ಬೇಡ. ಹುಸ್ಸಾಗೆ ಹೇಳ್ಲೇ ಬೇಡ." ಅವನು ಖುಲೈಫನ ಮಣಿಕಟ್ಟು ಹಿಡಿದುಕೊಂಡಿದ್ದ, ಬಿಡಲು ಬಹಳ ಹೊತ್ತು ಹಿಡಿಯಿತು.

ಖುಲೈಫ್ ಮನೆಗೆ ಹೋಗಿ, ದೀಪ ಹಾಕದೆ, ಹೊದಿಕೆ ಸರಿಮಾಡದೆ ಮಂಚದ ಮೇಲೆ ಕೂತ. ಫಲಾಹನ ಪೌರತ್ವ ಹೋದರೆ ಹೋಗುವುದು ಒಬ್ಬನದಲ್ಲ. ಅವನನ್ನೂ ಸೇರಿಸಿ ಇಪ್ಪತ್ತೇಳು ಜನರದು. ನೌಕರಿ, ಶಾಲೆ, ಆಸ್ಪತ್ರೆ, ಸರ್ಕಾರ ಕೊಟ್ಟ ಮನೆ, ಪಡಿತರದ ಅಕ್ಕಿ, ಕಾರು ಓಡಿಸುವ ಲೈಸೆನ್ಸು, ಎಲ್ಲವೂ ಆ ಒಂದು ಕಾಗದದ ಬಾಲ ಹಿಡಿದುಕೊಂಡಿದ್ದವು. ಬೇರೆ ದೇಶಗಳಲ್ಲಿ ಕಾಗದ ಕಳೆದುಕೊಂಡವನು ಕೂಲಿ ಮಾಡಿಯೋ, ಹೊಲ ಉತ್ತೋ ಬದುಕಿಕೊಳ್ಳುತ್ತಾನೆ. ಇಲ್ಲಿ ಉಳಲು ಹೊಲ ಎಲ್ಲಿದೆ? ಇಲ್ಲಿಯವರಿಗೆ ಸರ್ಕಾರವೇ ಮಳೆ, ಸರ್ಕಾರವೇ ಬೆಳೆ.

ಆದರೆ ಖುಲೈಫನ ಕಾಗದ ಹೋದರೆ? ಒಂದು ಹೊಟ್ಟೆ, ಒಂದು ಮಂಚ. ಹೆಂಡತಿಯ ಸಮಾಧಿಯನ್ನಂತೂ ಅಗೆದು ಗಡಿಯಾಚೆ ಎಸೆಯುವುದಿಲ್ಲ.

ಇನ್ನೊಂದು ಸಂಗತಿಯಿತ್ತು. ಹೊರಗಿನಿಂದ ಬಂದ ಕೂಸು ತಾನೇ ಎಂದು ಖುಲೈಫ್ ಮೊದಲಿನಿಂದಲೂ ನಂಬಿದ್ದ. ಇಬ್ಬರೂ ಸೇರಿ ತಪ್ಪು ಮಾಡಿದರೂ ನುವೈರ್ ಚಪ್ಪಲಿ ಹಿಡಿದು ಓಡುತ್ತಿದ್ದದ್ದು ಫಲಾಹನ ಹಿಂದೆ. ಖುಲೈಫನಿಗೆ ಜೀವಮಾನದಲ್ಲಿ ಒಂದು ಏಟು ಬಿದ್ದದ್ದಿಲ್ಲ. ಹೆತ್ತ ಮಗನಾದರೆ ಹೊಡೆಯುತ್ತಿದ್ದಳು, ಪರರ ಮಗುವಿನ ಮೇಲೆ ಕೈ ಹೇಗೆ ಎತ್ತುವುದು ಎಂದು ಬಿಟ್ಟಿದ್ದಾಳೆ, ಹೀಗೆ ಎಂಟನೇ ವಯಸ್ಸಿನಲ್ಲೇ ಅವನು ತೀರ್ಮಾನಿಸಿಬಿಟ್ಟಿದ್ದ. ಆ ಏಟುಗಳಿಗಾಗಿ ಅವನು ಒಳಗೊಳಗೇ ಫಲಾಹನ ಮೇಲೆ ಹೊಟ್ಟೆಕಿಚ್ಚುಪಟ್ಟದ್ದೂ ಉಂಟು. ಹೀಗಿರುವಾಗ ಹೋಗಿ ನಿಜ ಒಪ್ಪಿಕೊಂಡರೆ ಅದು ತ್ಯಾಗ ಕೂಡ ಅಲ್ಲ, ಅರವತ್ತು ವರ್ಷ ಉಂಡ ಅನ್ನಕ್ಕೆ ಸಣ್ಣ ಋಣಸಂದಾಯ. ಫಲಾಹ್ ಸುಮ್ಮನಿರು ಎಂದದ್ದು ಯಾಕೆಂದೂ ಅವನಿಗೆ ಅರ್ಥವಾಗಿತ್ತು: ಅಣ್ಣನನ್ನು ಬಲಿ ಕೊಡಲು ತಮ್ಮನಿಗೆ ಮನಸ್ಸಿಲ್ಲ. ಜಾಸಿರ್ ಬೇರೆ ಹೋದ ತಿಂಗಳೇ ಹೇಳಿದ್ದ, ತಾನಾಗಿ ಬಂದು ಒಪ್ಪಿಕೊಂಡವರ ಕಡತವನ್ನು ಅಲ್ಲಿಗೇ ಮುಚ್ಚುತ್ತಾರೆ, ಮುಂದೆ ಕೆದಕುವುದಿಲ್ಲ ಎಂದು.

ಮಾತು ಕೊಡಬೇಕು, ಜೊತೆಗೊಬ್ಬರು ಹೌದು ಎನ್ನಬೇಕು. ಅಪ್ಪ ಮಾಡಿದ ಹಾಗೆಯೇ. ಮರುದಿನ ಬೆಳಿಗ್ಗೆ ಅವನು ಹುಸ್ಸಾಳ ಮನೆಗೆ ಹೋದ.

ಹುಸ್ಸಾ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದವಳು, ನಿವೃತ್ತಿಯಾದರೂ ದನಿ ಇಳಿದಿರಲಿಲ್ಲ. ಎಲ್ಲ ಕೇಳಿಸಿಕೊಂಡು, "ಅಣ್ಣಾ, ನಿನ್ನ ತಲೆ ನೆಟ್ಟಗಿದ್ಯಾ?" ಎಂದಳು.

"ನೆಟ್ಟಗಿರೋದಕ್ಕೇ ಬಂದಿದ್ದೀನಿ."

"ನಂಗೆ ಗೊತ್ತಿಲ್ದೇ ಇರೋದನ್ನ ಗೊತ್ತು ಅಂತ ಆಣೆ ಇಡ್ಬೇಕಾ?"

"ಅಮ್ಮ ಹೇಳಿದ್ಲು ಅನ್ನು. ಅಮ್ಮ ಬಂದು ಇಲ್ಲ ಅಂತಾಳಾ?"

"ಫಲಾಹಣ್ಣ ಏನಂತಾನೆ?"

"ಅವನು ಬೇಡ ಅಂತಾನೆ. ಬೇಡ ಅನ್ನೋದು ಅವನ ಧರ್ಮ, ಮಾಡೋದು ನನ್ನ ಧರ್ಮ. ಆ ಮಕ್ಕಳ ಮುಖ ನೋಡು ಹುಸ್ಸಾ. ಇಪ್ಪತ್ತೇಳು ಜನ ಬೀದಿಗೆ ಬಿದ್ರೆ ನಿಂಗೆ ತುತ್ತು ಇಳಿಯುತ್ತಾ?"

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ನೀರಿನ ಸದ್ದಿನ ನಡುವೆಯೂ ಅದು ಕೇಳಿಸುತ್ತಿತ್ತು. ಹೊರಗೆ ಬಂದಾಗ ಕಪ್ಪು ಮೇಲುಡುಗೆ ಹಾಕಿಕೊಂಡಿದ್ದಳು. "ನಡಿ," ಎಂದಳು.

ಕಚೇರಿಯ ನಾಲ್ಕನೇ ಮಹಡಿಯಲ್ಲಿ ಅವರಿಗೆ ಸಿಕ್ಕ ಅಧಿಕಾರಿ ಬಹಳ ಮರ್ಯಾದಸ್ಥ. ಎದ್ದು ನಿಂತು ಕೈ ಕೊಟ್ಟ, ಚಹಾ ತರಿಸಿದ. ಮಕ್ಕಳಿಲ್ಲದ ಗಂಡಸನ್ನು ಅವನ ಅಪ್ಪನ ಹೆಸರು ಸೇರಿಸಿ ಕರೆಯುವ ಪದ್ಧತಿಯಂತೆ, ಅಬೂ ಮುತ್ಲಕ್ ಎಂದೇ ಮಾತಾಡಿಸಿದ. ಬೈಯುವ ಅಧಿಕಾರಿ ಸಿಕ್ಕಿದ್ದರೆ ಖುಲೈಫ್ ಬಹುಶಃ ಹುಷಾರಾಗಿರುತ್ತಿದ್ದ.

"ಹೊರಗಿಂದ ಬಂದ ಕೂಸು ನಾನು," ಎಂದ ಖುಲೈಫ್. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಫಲಾಹ್ ಮುತ್ಲಕರ ಹೊಟ್ಟೇಲಿ ಹುಟ್ಟಿದ ಮಗ. ಇವಳು ನನ್ನ... ಇವಳು ಮುತ್ಲಕರ ಮಗಳು, ತಾಯಿ ಬಾಯಿಂದಲೇ ಕೇಳಿದ್ದಾಳೆ. ನಂದೊಂದು ಕಿತ್ಕೊಂಡು ಕಡತ ಮುಚ್ಚಿಬಿಡಿ."

"ನಿಜಾನಾ ತಾಯಿ?"

"ನಿಜ," ಎಂದಳು ಹುಸ್ಸಾ, ನೆಲ ನೋಡುತ್ತಾ.

ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿದ. ಖುಲೈಫನ ಎದೆ ಹಗುರವಾಯಿತು. ಮಾತು ಆಡಿದ್ದಾಯಿತು, ಸಾಕ್ಷಿ ನುಡಿದದ್ದಾಯಿತು. ಎದ್ದು ನಿಲ್ಲುವಷ್ಟರಲ್ಲಿ ಅಧಿಕಾರಿ ಗಂಟೆ ಒತ್ತಿದ. ಬಿಳಿ ಕೋಟಿನ ಹೆಂಗಸೊಬ್ಬಳು ಹತ್ತಿ ಸುತ್ತಿದ ಕಡ್ಡಿಗಳ ಪೊಟ್ಟಣ ಹಿಡಿದು ಬಂದಳು.

"ಸಣ್ಣ ಕೆಲ್ಸ. ಕೆನ್ನೆ ಒಳಗೆ ಒಂದ್ಸಲ ಸವರ್ತಾರೆ ಅಷ್ಟೇ. ನಿಮ್ದೂ, ತಂಗಿಯವರದ್ದೂ."

"ಮಾತು ಕೊಟ್ಟಿದ್ದೀನಲ್ಲ."

"ಕೊಟ್ಟಿದ್ದೀರಿ. ಯಾರು ಇಲ್ಲ ಅಂದ್ರು? ಆದ್ರೆ ಮಾತನ್ನ ಮೇಲಿನವರಿಗೆ ಕಳಿಸೋಕೆ ನನ್ನ ಹತ್ರ ಲಕೋಟೆ ಇಲ್ವಲ್ಲ, ಅಬೂ ಮುತ್ಲಕ್." ಅವನು ನಕ್ಕ. "ಬೇಡ ಅಂದ್ರೆ ಬೇಡ. ಯಾಕೆ ಬೇಡ ಅಂದ್ರು ಅಂತ ಬರೀಬೇಕಾಗುತ್ತೆ ಅಷ್ಟೇ."

ಹುಸ್ಸಾ ಅಣ್ಣನ ತೋಳು ಹಿಡಿದು ಮೆಲ್ಲಗೆ ಎಳೆದಳು. "ಬಾ ಹೋಗೋಣ. ಫಲಾಹಣ್ಣನ್ನ ಒಂದ್ಮಾತು ಕೇಳೋಣ."

ಎದ್ದು ಹೋಗಿದ್ದರೆ ಆಗುತ್ತಿತ್ತು. ಬಾಗಿಲು ತೆರೆದೇ ಇತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೆ ಈಗ ಎದ್ದು ಹೋದರೆ ಹೇಳಿದ್ದು ಸುಳ್ಳು ಎಂದಾಗುತ್ತದೆ, ಇವರು ನೇರ ಫಲಾಹನ ಬಾಗಿಲು ತಟ್ಟುತ್ತಾರೆ. ಅಷ್ಟಕ್ಕೂ ಹೆದರುವುದೇಕೆ? ತಾನು ಹೇಳಿದ್ದು ನಿಜವೇ ತಾನೇ? ಕಡ್ಡಿಯೂ ಅದನ್ನೇ ಹೇಳುತ್ತದೆ. ಹಾಗೆಂದುಕೊಂಡು, "ತೆರಿ ಹುಸ್ಸಾ ಬಾಯಿ," ಎಂದು ಅವನೇ ಹೇಳಿದ. ಅವಳು ಸಣ್ಣ ಹುಡುಗಿಯ ಹಾಗೆ ಕಣ್ಣು ಮುಚ್ಚಿ ಬಾಯಿ ತೆರೆದಳು.

ಆ ವಾರವೇ ಫಲಾಹನನ್ನೂ ಕರೆಸಿ ಕಡ್ಡಿ ಸವರಿದರು. ಅವನ ವಕೀಲ ತಡೆಯಲು ನೋಡಿದನಂತೆ, ತಂಗಿಯ ಎಂಜಲು ಬಂದಾಗಿದೆ, ಇನ್ನು ನೀವು ಕೊಡದಿದ್ದರೂ ಒಂದೇ ಕೊಟ್ಟರೂ ಒಂದೇ ಎಂದರಂತೆ. ಅಂದು ಸಂಜೆ ಖುಲೈಫ್ ಹೋದಾಗ ಫಲಾಹ್ ಯಾವತ್ತಿನಂತೆ ಜಾಗ ಮಾಡಿಕೊಟ್ಟ, ಯಾವತ್ತಿನಂತೆ ಕಾಫಿ ಕೊಟ್ಟ. ಒಂದೇ ಒಂದು ಮಾತು ಕೇಳಿದ.

"ಹುಸ್ಸಾನ ಯಾರು ಕರ್ಕೊಂಡ್ ಹೋದ್ರು?"

"ನಾನೇ. ನಿಂಗೆ ಹೇಳಿದ್ರೆ ಬಿಡ್ತಿರ್ಲಿಲ್ಲ."

"ಇಲ್ಲ," ಎಂದ ಫಲಾಹ್. "ಬಿಡ್ತಿರ್ಲಿಲ್ಲ."

ಐದು ವಾರ ಕಳೆದವು. ಆ ಐದು ವಾರದಲ್ಲಿ ಖುಲೈಫ್ ಹೊರಡುವವನ ಹಾಗೆ ಮನೆ ಖಾಲಿ ಮಾಡತೊಡಗಿದ. ಹೆಂಡತಿಯ ಬಳೆಗಳನ್ನು ಲತೀಫಾಳಿಗೆ ಕೊಟ್ಟ, ಕಾರನ್ನು ಮಿಶಾರಿಯ ಹೆಸರಿಗೆ ಬರೆದ. ಯಾಕೆ ದೊಡ್ಡಪ್ಪ ಎಂದು ಕೇಳಿದರೆ, ವಯಸ್ಸಾಯಿತಲ್ಲ ಎನ್ನುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವನಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಅದನ್ನು ನೆನೆದರೆ ಈಗಲೂ ಅವನಿಗೆ ನಾಚಿಕೆಯಾಗುತ್ತದೆ.

ಗುರುವಾರ ಬೆಳಿಗ್ಗೆ ಕಚೇರಿಯಿಂದ ಕರೆ ಬಂತು. ಅಧಿಕಾರಿ ಮೇಜು ಬಳಸಿ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಒಳ್ಳೇ ಸುದ್ದಿ, ಅಬೂ ಮುತ್ಲಕ್. ನೀವು ಹುಸ್ಸಾ ಅವ್ರ ಒಡಹುಟ್ಟಿದ ಅಣ್ಣ, ಅಪ್ಪ ಅಮ್ಮ ಎರಡೂ ಕಡೆಯಿಂದ. ಮುತ್ಲಕರ ರಕ್ತ, ನುವೈರ್ ಅವ್ರ ಹೊಟ್ಟೆ. ನಿಮ್ಮ ಹೇಳಿಕೆ ಸುಳ್ಳು. ಸುಳ್ಳು ಹೇಳಿಕೆಗೆ ಶಿಕ್ಷೆ ಇದೆ, ಆದ್ರೆ ನಿಮ್ಮ ವಯಸ್ಸು ನೋಡಿ ಸಾಹೇಬ್ರು ಮಾಫಿ ಮಾಡಿದ್ದಾರೆ. ನಿಮ್ಮ ಕಾಗದ ನಿಮ್ಮದೇ."

ಖುಲೈಫನಿಗೆ ಮೊದಲು ಏನೂ ಕೇಳಿಸಲಿಲ್ಲ. ಗೋಡೆಯ ಮೇಲಿನ ಏಸಿಯ ಸದ್ದು ಮಾತ್ರ ಕಿವಿ ತುಂಬಿತ್ತು.

"ಫಲಾಹ್?" ಎಂದ.

"ಆ ವ್ಯಕ್ತಿ ನಿಮಗೂ ನಿಮ್ಮ ತಂಗಿಗೂ ಏನೂ ಆಗಬೇಕಿಲ್ಲ."

"ನನ್ನ ಜೊತೆ ಒಂದೇ ಹಾಲು ಕುಡಿದಿದ್ದಾನೆ."

"ಕುಡಿದಿರಬಹುದು. ಹಾಲಿಗೆ ನಮ್ಮಲ್ಲಿ ಕಾಲಂ ಇಲ್ಲ."

"ನನ್ನದನ್ನ ಅವನಿಗೆ ಬರೆದುಕೊಡ್ತೀನಿ. ನನಗೆ ಬೇಡ. ಸಹಿ ಎಲ್ಲಿ ಹಾಕ್ಬೇಕು ಹೇಳಿ."

"ಅದೇನು ಕಾರೇ ಯಜಮಾನ್ರೇ, ಹೆಸರು ಬದಲಾಯಿಸೋಕೆ?" ಅಧಿಕಾರಿ ಮತ್ತೆ ಅವನನ್ನು ಕೂರಿಸಿದ, ನೀರು ಕೊಟ್ಟ. ನಿಜವಾಗಿಯೂ ಕೃತಜ್ಞತೆಯಿಂದಲೇ ಮಾತಾಡುತ್ತಿದ್ದ. "ನಮಗೆ ಬಹಳ ಉಪಕಾರ ಮಾಡಿದ್ರಿ. ನೀವು ತಂಗಿಯವರನ್ನ ಕರ್ಕೊಂಡು ಬರದೇ ಇದ್ದಿದ್ರೆ ಆ ಕಡತ ವರ್ಷಗಟ್ಟಲೆ ಹೀಗೇ ಬಿದ್ದಿರೋದು. ನಾವೇನೂ ಮಾಡೋ ಹಾಗಿರ್ಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಖುಲೈಫ್ ಮೆಟ್ಟಿಲಿಳಿದು ಹೊರಗೆ ಬಂದ. ಐವತ್ತು ಡಿಗ್ರಿಯ ಬಿಸಿಲಲ್ಲಿ ಬಸ್ಸಿಗೆ ಕಾಯುವ ಕಲ್ಲುಬೆಂಚಿನ ಮೇಲೆ ಕೂತ. ಬಟ್ಟೆಯ ಮೂಲಕ ತೊಡೆ ಸುಡುತ್ತಿದ್ದರೂ ಏಳಲಿಲ್ಲ. ಅವನಿಗೆ ಅಮ್ಮನ ಚಪ್ಪಲಿ ಏಟುಗಳ ಅರ್ಥ ಆಗ ಆಯಿತು. ಹೊರಗಿನವನ ಮೇಲೆ ಯಾರೂ ಕೈ ಎತ್ತುವುದಿಲ್ಲ ಎಂದು ಊರಿ‌ಗೆಲ್ಲ ಗೊತ್ತಿತ್ತು. ಅದಕ್ಕೇ ಅವಳು ಫಲಾಹನನ್ನು ಎಲ್ಲರ ಎದುರಿಗೆ ಅಟ್ಟಾಡಿಸಿ ಹೊಡೆಯುತ್ತಿದ್ದಳು, ಇವನೇ ನನ್ನವನು ಎಂದು ನೋಡುವವರು ತಿಳಿಯಲಿ ಎಂದು. ಹೆತ್ತ ಮಗನಿಗೆ ಒಂದು ಏಟೂ ಹಾಕದೆ ಫಲಾಹನ ಗುಟ್ಟನ್ನು ಬಚ್ಚಿಟ್ಟಳು. ಅಷ್ಟು ಬುದ್ಧಿವಂತಿಕೆಯಿಂದ ಕಟ್ಟಿದ ಬೇಲಿಯನ್ನು ಅವಳ ಮಗನೇ ಹೋಗಿ, ತಂಗಿಯನ್ನು ಕೈಹಿಡಿದು ಕರೆದೊಯ್ದು, ಕಿತ್ತುಹಾಕಿ ಬಂದಿದ್ದ. ಅಂದು ಅವನು ತನ್ನನ್ನು ತಾನು ದ್ವೇಷಿಸಿದಷ್ಟು ಯಾವ ಶತ್ರುವನ್ನೂ ದ್ವೇಷಿಸಿರಲಿಲ್ಲ.

ಗುರುವಾರ ತಮ್ಮನ ಮನೆಗೆ ಹೋಗಲಿಲ್ಲ, ಶುಕ್ರವಾರ ಹೋಗಲಿಲ್ಲ, ಶನಿವಾರ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದ. ಭಾನುವಾರ ಪಟ್ಟಿ ಬಂತು. ಫಲಾಹ್, ತಂದೆಯ ಹೆಸರು ಖಾಲಿ. ಇವನ ಮೂಲಕ ಪಡೆದವರೂ ಅಲ್ಲ. ಎರಡು ಸಾಲು.

ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಖುಲೈಫ್ ದಿವಾನಿಯಾದ ಬಾಗಿಲಲ್ಲಿ ನಿಂತ. ಇಪ್ಪತ್ತು ಜೊತೆ ಚಪ್ಪಲಿ ಇರುತ್ತಿದ್ದ ಕಡೆ ಐದು ಜೊತೆ ಇದ್ದವು. ಜಾಸಿರನೂ ಬಂದಿರಲಿಲ್ಲ. ಒಳಗೆ ಫಲಾಹ್ ಮತ್ತು ಅವನ ನಾಲ್ವರು ಗಂಡುಮಕ್ಕಳು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೇ ಬ್ಯಾಂಕಿನ ಕಾರ್ಡುಗಳು ನಿಂತುಹೋಗಿದ್ದವು, ಮಿಶಾರಿಯ ಕಚೇರಿಯ ಬಾಗಿಲು ಅವನ ಬೆರಳಿಗೆ ತೆರೆದಿರಲಿಲ್ಲ. ಹುಸ್ಸಾ ಫೋನಿನಲ್ಲಿ ಅಳುತ್ತಾ ಅದನ್ನೆಲ್ಲ ಹೇಳಿದ್ದಳು.

ಖುಲೈಫನನ್ನು ಕಂಡು ಮಿಶಾರಿ ಎದ್ದು ನಿಂತ. ಅವನ ಹಿಂದೆಯೇ ಮೂವರು ತಮ್ಮಂದಿರೂ ಎದ್ದರು. ಹುಟ್ಟಿದಾಗಿನಿಂದ ದೊಡ್ಡಪ್ಪ ಬಂದರೆ ಕೂತಲ್ಲಿಂದಲೇ ಕಾಲು ಮಡಚಿ ಜಾಗ ಬಿಡುತ್ತಿದ್ದ ಹುಡುಗರು. ಎದ್ದು ನಿಲ್ಲುವುದು ಪರಸ್ಥಳದವರಿಗೆ.

"ಮುತ್ಲಕನ ಮಗ ಬಂದಿದ್ದಾನೆ," ಎಂದ ಫಲಾಹ್. ಅವನೂ ಮೊಣಕಾಲು ಹಿಡಿದುಕೊಂಡು ಎದ್ದಿದ್ದ. "ಮೇಲುಗಡೆ ಜಾಗ ಬಿಡ್ರೋ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ದೊಡ್ಡ ಅತಿಥಿಗಳನ್ನು ಕೂರಿಸುವ ಆ ಜಾಗದಲ್ಲಿ ಖುಲೈಫ್ ಕೂತ. ಮಿಶಾರಿ ಬಲಗೈಯಲ್ಲಿ ಬಟ್ಟಲು ಹಿಡಿದು ಮೊದಲ ಕಾಫಿಯನ್ನು ಅವನಿಗೆ ಕೊಟ್ಟ.

"ಫಲಾಹ್, ನನಗೆ ಹೊಡಿ," ಎಂದ ಖುಲೈಫ್. "ಉಗಿ. ಏನಾದ್ರೂ ಮಾಡೋ. ನಾನು ನನ್ನನ್ನೇ ಹೊರಗಿನವನು ಅಂದ್ಕೊಂಡಿದ್ದೆ. ಅಮ್ಮನಾಣೆಗೂ ನನ್ನನ್ನೇ ಅಂದ್ಕೊಂಡಿದ್ದೆ."

"ಗೊತ್ತು."

"ಗೊತ್ತಾ?"

"ನೀನು ನಿನ್ನನ್ನೇ ಹೊರಗಿನವನು ಅಂದ್ಕೊಂಡಿದ್ದೀಯ ಅಂತ ಗೊತ್ತಿತ್ತು. ಅದು ನಾನೇ ಅಂತಾನೂ ಗೊತ್ತಿತ್ತು. ಸಾಯೋ ಮುಂಚೆ ಅಪ್ಪ ನಂಗೆ ಹೇಳಿದ್ರು. ಯಾರಿಗೂ ಹೇಳ್ಬೇಡ, ಖುಲೈಫನಿಗಂತೂ ಬೇಡ, ಅವನ ಮನಸ್ಸು ನೀರು, ತಡ್ಕೊಳ್ಳಲ್ಲ ಅಂದ್ರು." ಫಲಾಹ್ ತನ್ನ ಅಂಗೈ ನೋಡಿಕೊಂಡ. "ಅದಕ್ಕೇ ಸುಮ್ನಿರು ಅಂದಿದ್ದು."

ಬಟ್ಟಲು ಖಾಲಿಯಾದಾಗ ಮಿಶಾರಿ ಮತ್ತೆ ತುಂಬಿಸಿದ, ಮತ್ತೆ ತುಂಬಿಸಿದ. ಸಾಕು ಎಂದು ಬಟ್ಟಲನ್ನು ಅಲ್ಲಾಡಿಸುವವರೆಗೆ ಅತಿಥಿಗೆ ಬಡಿಸುತ್ತಲೇ ಇರಬೇಕು. ಖುಲೈಫನಿಗೆ ಕೈ ಅಲ್ಲಾಡಿಸಬೇಕೆಂಬುದೂ ತೋಚಲಿಲ್ಲ. ಆರನೆಯದೋ ಏಳನೆಯದೋ ಬಟ್ಟಲಿಗೆ ಕೈ ತಾನಾಗಿಯೇ ನಡುಗಿತು, ಹುಡುಗ ಹೂಜಿ ಕೆಳಗಿಟ್ಟ.

ಖುಲೈಫ್ ಎದ್ದು ಹೊರಟಾಗ ಫಲಾಹ್ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದ. ಅಂಗಳ ದಾಟಿ, ಗೇಟಿನಾಚೆ, ಬೀದಿಯವರೆಗೂ ಬಂದ. ಅರವತ್ತು ವರ್ಷದಲ್ಲಿ ಅವನು ಖುಲೈಫನನ್ನು ಬಾಗಿಲವರೆಗೂ ಕಳಿಸಿಕೊಟ್ಟವನಲ್ಲ. ಮನೆಯವರನ್ನು ಯಾರು ಕಳಿಸಿಕೊಡುತ್ತಾರೆ?

"ಒಳಗೆ ಹೋಗೋ," ಎಂದ ಖುಲೈಫ್. "ದಮ್ಮಯ್ಯ ಅಂತೀನಿ, ಒಳಗೆ ಹೋಗು."

ಫಲಾಹ್ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡ. "ನಮ್ಮ ಮನೆಗೆ ಬಂದ್ರಿ, ಸಂತೋಷ ಆಯ್ತು," ಎಂದ. "ನಿಮಗೆ ದೇವರು ಒಳ್ಳೇದು ಮಾಡ್ಲಿ."

ಖುಲೈಫ್ ಬೀದಿಯಲ್ಲಿ ಇಪ್ಪತ್ತು ಹೆಜ್ಜೆ ನಡೆದು ತಿರುಗಿ ನೋಡಿದ. ಫಲಾಹ್ ಅಲ್ಲೇ ನಿಂತಿದ್ದ. ಅತಿಥಿ ಕಣ್ಮರೆಯಾಗುವ ತನಕ ಮನೆಯವನು ಒಳಗೆ ಹೋಗುವಂತಿಲ್ಲ. ಬೀದಿ ನೇರವಾಗಿತ್ತು, ಬಹಳ ಉದ್ದವಿತ್ತು. ಅವನನ್ನು ಬೇಗ ಬಿಡುಗಡೆ ಮಾಡೋಣವೆಂದು ಖುಲೈಫ್ ಓಡಲು ನೋಡಿದ, ಕಾಲು ಬರಲಿಲ್ಲ.